ನಾಲ್ಕನೆಯ ಹಸಿರು ಚೀಲ

ಶಕುನ, ಗಾಳಿ, ಮೈಮೇಲೆ ಬರುವುದು, ಇಂಥ ಮಾತು ಎದ್ದ ಕೂಡಲೇ ನಾನು ಜಾಗ ಖಾಲಿ ಮಾಡುತ್ತಿದ್ದೆ. ಭಯಕ್ಕಲ್ಲ, ಬೇಸರಕ್ಕೆ. ಹುಣಸೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಳತೆ ಕೊಡಲು ಬಂದ ಹೆಂಗಸರು ಕೈಯೆತ್ತಿ ನಿಂತುಕೊಂಡೇ ಏನೇನೋ ಹೇಳುತ್ತಾರೆ. ಸತ್ತ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸರಿಸಿದ್ದು, ಬಾವಿಕಟ್ಟೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದ್ದು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದೆ. ದಾರ ಎಷ್ಟೇ ಸಿಕ್ಕಾಗಿರಲಿ, ತಾಳ್ಮೆಯಿಂದ ಹುಡುಕಿದರೆ ಒಂದು ತುದಿ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಈಗ ಬರೆಯಲು ಹೊರಟಿರುವ ಸಂಗತಿಯಲ್ಲಿ ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ತುದಿ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಇದನ್ನೇ ಬೇರೆ ಯಾರಾದರೂ ನನ್ನ ಅಂಗಡಿಯಲ್ಲಿ ನಿಂತು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾವು ಮೂವರು ಗೆಳತಿಯರು. ಗಾವಡಗೆರೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಭಾಗ್ಯ ಮದುವೆಯಾಗಿ ರಾವಂದೂರಿನ ಕಡೆ ಹೋದಳು. ಗಂಡನ ಜೊತೆ ಹೊಗೆಸೊಪ್ಪು, ಶುಂಠಿ ಬೆಳೆಯುತ್ತಾಳೆ, ತನ್ನ ಜೀಪನ್ನು ತಾನೇ ಓಡಿಸುತ್ತಾಳೆ. ನಾಗವೇಣಿ ನರ್ಸ್ ಆದಳು. ಮೊದಲು ಎಚ್.ಡಿ. ಕೋಟೆಯ ಕಾಡಂಚಿನ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಇದ್ದು, ಆಮೇಲೆ ಕೆ.ಆರ್. ನಗರಕ್ಕೆ ವರ್ಗವಾಗಿ ಬಂದಳು. ಅವಳು ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ನಾವು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೂರನೆಯವಳು ನಾನು.

ಪಶ್ಚಿಮಘಟ್ಟ ಸುತ್ತಿ ಬರಬೇಕು, ಡೇರೆ ಹಾಕಿ ಮಲಗಬೇಕು, ಬೆಟ್ಟ ಹತ್ತಬೇಕು ಎನ್ನುವುದು ನಮ್ಮ ಶಾಲೆ ದಿನಗಳ ಮಾತು. ಮದುವೆ, ಮಕ್ಕಳು, ಹೆರಿಗೆ, ಆಸ್ಪತ್ರೆ ಎಂದು ಅದು ಪ್ರತಿ ಬೇಸಿಗೆಯಲ್ಲೂ ಮುಂದಕ್ಕೆ ಹೋಗುತ್ತಿತ್ತು. ಕೊರೊನಾ ಮುಗಿದ ಮೇಲೆ ನಾಗವೇಣಿಯೇ ಹಟ ಹಿಡಿದಳು. ಆ ಎರಡು ವರ್ಷ ಅವಳು ವಾರ್ಡಿನಲ್ಲಿ ಏನೇನು ನೋಡಿದಳೋ ನಮಗೆ ಪೂರ್ತಿ ಹೇಳಿರಲಿಲ್ಲ. "ಈ ಸಲ ಇಲ್ಲ ಅಂದ್ರೆ ನಾನೊಬ್ಳೇ ಓಯ್ತೀನಿ, ನೀವಿಬ್ರೂ ಮನೇಲೇ ಕೂತ್ಕಳಿ" ಎಂದಳು.

ಹೀಗೆ ಯೋಜನೆ ಶುರುವಾಯಿತು. ಏಪ್ರಿಲ್ ಕೊನೆಯ ವಾರ ಎಂದು ಗೊತ್ತು ಮಾಡಿದೆವು. ಮೇ ತಿಂಗಳ ಮೊದಲ ಮಳೆ ಬಿದ್ದರೆ ಭಾಗ್ಯ ಸಸಿಮಡಿಯಿಂದ ಹೊಗೆಸೊಪ್ಪಿನ ಸಸಿ ಕಿತ್ತು ಹೊಲಕ್ಕೆ ನೆಡಬೇಕು, ಅಷ್ಟರೊಳಗೆ ವಾಪಸ್ ಬಂದುಬಿಡಬೇಕು. ಭಾನುವಾರ ಭಾನುವಾರ ನನ್ನ ಅಂಗಡಿಯ ಕಟಿಂಗ್ ಟೇಬಲ್ ಮೇಲೆ ಭೂಪಟ ಹರಡಿ ಕೂರುತ್ತಿದ್ದೆವು. ಹುಣಸೂರಿನಿಂದ ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಅಲ್ಲಿಂದ ಸಕಲೇಶಪುರ, ಮೂಡಿಗೆರೆ, ಕೊನೆಗೆ ಚಾರ್ಮಾಡಿಯ ಆಚೀಚಿನ ಬೆಟ್ಟಗಳು. ಒಟ್ಟು ಆರು ದಿನ. ಕಾಡಿನೊಳಗೆ ಡೇರೆ ಹಾಕಲು ಬಿಡುವುದಿಲ್ಲವಾದ್ದರಿಂದ ಕಾಫಿತೋಟದ ಅಂಚಿನಲ್ಲಿ ಜಾಗ ಕೊಡುವವರನ್ನು ಫೋನಿನಲ್ಲಿ ಹುಡುಕಿದೆವು. ರಾಗಿಹಿಟ್ಟು ಒಯ್ಯಬೇಕೋ ಅವಲಕ್ಕಿ ಒಯ್ಯಬೇಕೋ ಎಂಬ ಒಂದೇ ವಿಷಯಕ್ಕೆ ಒಂದಿಡೀ ಭಾನುವಾರ ಜಗಳವಾಯಿತು. ಬಿಪಿ ನೋಡುವ ಯಂತ್ರವೂ ಬೇಕು ಎಂದು ನಾಗವೇಣಿ ಹೇಳಿದಾಗ ಭಾಗ್ಯ, "ಬೆಟ್ಟದ್ ಬಿಪಿ ನೋಡ್ತೀಯೇನೇ?" ಎಂದು ನಕ್ಕಳು. ಅಷ್ಟು ಖುಷಿಯಾಗಿ ನಾವು ಕೂತು ಎಷ್ಟೋ ವರ್ಷವಾಗಿತ್ತು.

ಬೆನ್ನಿಗೆ ಹಾಕುವ ದೊಡ್ಡ ಬ್ಯಾಗುಗಳನ್ನು ಭಾಗ್ಯ ಯಾರ ಹತ್ತಿರವೋ ಎರವಲು ತಂದಳು. ದಿನದ ನಡಿಗೆಗೆ ಹೆಗಲಿಂದ ಸೊಂಟಕ್ಕೆ ಅಡ್ಡ ಬರುವ ಹಗುರ ಚೀಲ ಬೇಕಿತ್ತು. ಅದನ್ನು ನಾನೇ ಹೊಲಿಯುತ್ತೇನೆಂದೆ. ಆ ಮಾರ್ಚಿನಲ್ಲಿ ಟಾರ್ಪಾಲ್ ಹೊಲಿಯುವವರೊಬ್ಬರ ಬಳಿ ಹಸಿರು ಕ್ಯಾನ್ವಾಸಿನ ತುಂಡೊಂದು ಉಳಿದಿತ್ತು. ಅದನ್ನು ತಂದು ಮೂರು ಚೀಲ ಕತ್ತರಿಸಿದೆ. ನಾಲ್ಕನೆಯದಕ್ಕೆ ಬಟ್ಟೆ ಸಾಲುತ್ತಿರಲಿಲ್ಲ. ಹಳದಿ ದಾರದಲ್ಲಿ ಒಂದೊಂದು ಚೀಲದ ಮೇಲೂ ಹೆಸರಿನ ಮೊದಲ ಅಕ್ಷರ ಕಸೂತಿ ಹಾಕಿದೆ. ನಾಗವೇಣಿಯ ಚೀಲ ಹೊಲಿಯುವಾಗ ಯಾರದೋ ಫೋನ್ ಬಂತು. ಮಾತಾಡುತ್ತಾ ಒಳಗಿನ ಜೇಬನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ, ಬಾಯಿ ಕೆಳಕ್ಕೆ. ಬಿಚ್ಚಲು ಸೋಮಾರಿತನವಾಗಿ ಹಾಗೇ ಬಿಟ್ಟೆ.

ಇನ್ನೊಂದು ಮಾತು ಹೇಳಬೇಕು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾನು ಅಂಗಡಿ ಬದಲಾಯಿಸಿದ್ದೆ. ಸಾಗಿಸುವಾಗ ಮೆಷಿನ್ ಗಾಡಿಯಿಂದ ಬಿತ್ತು. ರಿಪೇರಿ ಆಯಿತು, ಆದರೆ ಅಂದಿನಿಂದ ದಪ್ಪ ಬಟ್ಟೆ ಹೊಲಿದರೆ ಒಂಬತ್ತೋ ಹತ್ತೋ ಹೊಲಿಗೆಗೆ ಒಮ್ಮೆ ಒಂದು ಹೊಲಿಗೆ ಉದ್ದಕ್ಕೆ ಜಿಗಿಯುತ್ತದೆ. ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಮಾತ್ರ ಅದು ನನ್ನ ಅಕ್ಷರದಷ್ಟೇ ಗುರುತು.

ಹೊರಡಲು ಹತ್ತು ದಿನ ಇರುವಾಗ, ಬೆಟ್ಟ ಹತ್ತುವ ಮೊದಲು ಒಂದು ದಿನ ನಡೆದು ಅಭ್ಯಾಸ ಮಾಡಬೇಕೆಂದು ನಾಗವೇಣಿ ಹೇಳಿದಳು. ಅವಳು ಹಿಂದೆ ಕೆಲಸ ಮಾಡಿದ ಕಡೆ, ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಆದಿವಾಸಿ ಹಾಡಿಯಲ್ಲಿ ಬೊಮ್ಮಮ್ಮ ಎಂಬ ಹೆಂಗಸಿದ್ದರು. ಆಕೆಯ ಮಗಳ ಹೆರಿಗೆಯನ್ನು ನಾಗವೇಣಿಯೇ ಮಾಡಿಸಿದ್ದಳು. ಅವರನ್ನು ನೋಡಿ ಐದಾರು ವರ್ಷವಾಗಿತ್ತು. ಜೀಪನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ, ಹೊಸ ಚೀಲಗಳನ್ನು ಅಡ್ಡ ಹಾಕಿಕೊಂಡು, ರಾಗಿ ಹೊಲ, ಬೇಲಿ, ಆನೆ ಬರದಂತೆ ತೋಡಿದ ಕಂದಕ ದಾಟಿಕೊಂಡು ಮಣ್ಣಿನ ದಾರಿಯಲ್ಲಿ ಎರಡು ಗಂಟೆ ನಡೆದೆವು. ನನ್ನ ಕಾಲಿಗೆ ಬೊಬ್ಬೆ ಬಂದವು. ಹಾಡಿ ಮುಟ್ಟಿದಾಗ ಸರಿಯಾಗಿ ಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲಿತ್ತು, ಒಂದು ನಾಯಿ ಕೂಡ ಬೊಗಳಲಿಲ್ಲ.

ಬೊಮ್ಮಮ್ಮ ಓಡಿ ಬಂದು ನಾಗವೇಣಿಯ ಎರಡೂ ಕೈ ಹಿಡಿದುಕೊಂಡರು. ಆಕೆಯ ಗಂಡ ಕಾಳಣ್ಣ ಜಗುಲಿಯ ಮೇಲೆ ಕೂತು ಬಿದಿರು ಸೀಳುತ್ತಿದ್ದರು. ತಲೆಯೆತ್ತಿ ನಾಗವೇಣಿಯನ್ನು ನೋಡಿದವರು ಎದ್ದು ನಿಂತರು. ಮೊದಲು ಅವಳ ಮುಖ ನೋಡಿದರು, ಆಮೇಲೆ ಕಾಲು ನೋಡಿದರು, ಮತ್ತೆ ಮುಖ. "ಕಾಳಣ್ಣ, ಗುರುತು ಸಿಗ್ನಿಲ್ವಾ?" ಎಂದು ನಾಗವೇಣಿ ನಗುತ್ತಾ ಹತ್ತಿರ ಹೋದಳು. ಅವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲ ಕಡೆ ನಡೆದುಬಿಟ್ಟರು. ಬೊಮ್ಮಮ್ಮನಿಗೆ ಕಸಿವಿಸಿಯಾಯಿತು. "ಇವ್ರಿಗೆ ವಯಸ್ಸಾಯ್ತು ಸಿಸ್ಟ್ರೇ, ಯಾರ್ ಜೊತೇನೂ ಸರಿಯಾಗಿ ಮಾತಾಡಕಿಲ್ಲ" ಎಂದರು.

ನೀರು ಕುಡಿದು ಕೂತ ಮೇಲೆ ಬೊಮ್ಮಮ್ಮ ನಾಗವೇಣಿಯ ಚೀಲವನ್ನು ಮುಟ್ಟಿ ಮುಟ್ಟಿ ನೋಡಿದರು. "ಇದೇನ್ ಸಿಸ್ಟ್ರೇ, ಇಂತದೇ ಒಂದು ನಮ್ಮನೇಲೂ ಐತಲ್ಲ" ಎಂದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಚೀಲವಿತ್ತು. ಅದರೊಳಗೆ ಕುಂಬಳದ ಬೀಜ ತುಂಬಿಟ್ಟಿದ್ದರು. ಬೀಜವನ್ನು ಮೊರಕ್ಕೆ ಸುರಿದು ಖಾಲಿ ಚೀಲವನ್ನು ನಮ್ಮ ಮುಂದೆ ಇಟ್ಟರು.

ಬಣ್ಣ ಹೋಗಿ ಬೂದಿಯ ಹಾಗೆ ಆಗಿತ್ತು, ಮಡಿಕೆಗಳ ಒಳಗೆ ಮಾತ್ರ ಹಸಿರು ಉಳಿದಿತ್ತು. ಕೆಸರಿನ ಕಲೆ. ಹೆಗಲಿನ ಪಟ್ಟಿ ಎರಡು ತುಂಡು. ಮುಂಭಾಗದಲ್ಲಿ ಹಳದಿ ದಾರದಲ್ಲಿ 'ನಾ' ಎಂಬ ಅಕ್ಷರ.

ಭಾಗ್ಯ ಮೊದಲು ನಕ್ಕಳು. ನಾನು ನಗಲಿಲ್ಲ. ಚೀಲ ಎತ್ತಿಕೊಂಡು ಅಂಚಿನ ಹೊಲಿಗೆ ನೋಡಿದೆ. ಒಂಬತ್ತು ಸಣ್ಣ ಹೊಲಿಗೆ, ಒಂದು ಉದ್ದ. ಮತ್ತೆ ಹತ್ತು, ಒಂದು ಉದ್ದ. ಒಳಗೆ ಕೈ ಹಾಕಿ ಜೇಬು ಹುಡುಕಿದೆ. ಬಾಯಿ ಕೆಳಗಿತ್ತು. ನಾಗವೇಣಿಯ ಹೆಗಲಿನಿಂದ ಹೊಸ ಚೀಲ ತೆಗೆಸಿ ಎರಡನ್ನೂ ಪಕ್ಕ ಪಕ್ಕ ಇಟ್ಟೆ. 'ನಾ' ಅಕ್ಷರದ ತುದಿಯಲ್ಲಿ ದಾರ ಮುಗಿದು ಗಂಟು ಹಾಕಿದ್ದ ಜಾಗ ಕೂಡ ಒಂದೇ.

"ಇದು ಎಲ್ಲಿ ಸಿಕ್ತು?" ಎಂದು ಕೇಳಿದೆ.

"ಇವ್ರೇ ತಂದ್ರು ಕಣವ್ವಾ. ಜೇನಿಗೆ ಓಗಿದ್ರು, ಅಳ್ಳದ ತಾವ ಸಿಕ್ತು ಅಂದ್ರು. ಎರಡು ಮಳೆಗಾಲ ಆಯ್ತು. ಅಚ್ಚರ ಐತೆ, ಯಾರದೋ ಏನೋ ಅಂತ ಮಡಗಿದ್ದೆ."

ಎರಡು ಮಳೆಗಾಲ. ನಾನು ಆ ಬಟ್ಟೆ ಕೊಂಡು ಒಂದು ತಿಂಗಳಾಗಿತ್ತು. ನನ್ನ ಮೆಷಿನ್ ಬಿದ್ದು ಮೂರು ತಿಂಗಳು.

ವಾಪಸ್ ನಡೆಯುವಾಗ ಭಾಗ್ಯ ತನಗೆ ತೋಚಿದ ಕಾರಣಗಳನ್ನೆಲ್ಲ ಹೇಳಿದಳು. ಹಿಂದೆ ಯಾವಾಗಲೋ ನಾನೇ ಇಂಥದ್ದೊಂದು ಹೊಲಿದು ಯಾರಿಗೋ ಕೊಟ್ಟು ಮರೆತಿರಬೇಕು. ಹೊಲಿಗೆ ಜಿಗಿಯುವ ಮೆಷಿನ್ ಪ್ರಪಂಚದಲ್ಲಿ ನನ್ನದೊಂದೇ ಅಲ್ಲ. 'ನಾ' ಎಂದರೆ ನಾಗರಾಜ ಇರಬಹುದು, ನಾರಾಯಣ ಇರಬಹುದು. ಎಲ್ಲವೂ ಸರಿಯಾದ ಮಾತೇ. ಒಂದೊಂದನ್ನೇ ತೆಗೆದುಕೊಂಡರೆ ನಾನೂ ಒಪ್ಪುತ್ತಿದ್ದೆ. ಎಲ್ಲವೂ ಒಂದೇ ಚೀಲದಲ್ಲಿ ಒಟ್ಟಿಗೆ ಬಂದದ್ದನ್ನು ಮಾತ್ರ ಒಪ್ಪಲಾಗಲಿಲ್ಲ. ಆ ಚೀಲವನ್ನು ನಾವು ತೆಗೆದುಕೊಂಡು ಬರಲಿಲ್ಲ. ಬೊಮ್ಮಮ್ಮ ಕೊಡಲು ಬಂದಾಗ ನಾನೇ ಬೇಡವೆಂದೆ.

ಜೀಪಿನ ಹತ್ತಿರ ಬಂದ ಮೇಲೆ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಹೋಗುವುದು ಬೇಡ, ಮುಂದಿನ ವರ್ಷ ನೋಡೋಣ, ಕಡೆಗೆ ನಾಗವೇಣಿಯಾದರೂ ಬರುವುದು ಬೇಡ ಎಂದೆ. ನಾಗವೇಣಿ ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಎರಡು ವರ್ಸ ಬರೀ ಸಾಯೋರ್ನ ನೋಡಿದೀನಿ ಕಣೇ. ಒಬ್ಬೊಬ್ರ ಕೈ ಇಡ್ಕಂಡು ಕೂತಿದೀನಿ. ಈಗ ಒಂದ್ ಹಳೇ ಚೀಲ ನೋಡಿ ಮನೇಲಿ ಬಾಗ್ಲಾಕ್ಕೊಂಡು ಕೂತ್ಕೋ ಅಂತೀಯಾ? ಆ ಬೆಟ್ಟ ನೋಡ್ದೆ ಸತ್ರೆ ನಂಗೆ ಸಮಾಧಾನ ಇರಾಕಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಆಯಿತು, ಹೋಗೋಣ ಎಂದೆ.

ನಾನು ಆಮೇಲೆ ಮಾಡಿದ ಕೆಲಸ ಹೇಳಿದರೆ ನಿಮಗೆ ನಗು ಬರಬಹುದು. ನಾಗವೇಣಿಯ ಚೀಲವನ್ನು ಏನೋ ನೆಪ ಹೇಳಿ ಅಂಗಡಿಯಲ್ಲೇ ಇಟ್ಟುಕೊಂಡೆ. ಮಾರನೆಯ ದಿನ ಅದರ ಮೇಲಿದ್ದ 'ನಾ' ಅಕ್ಷರವನ್ನು ಎಳೆ ಎಳೆಯಾಗಿ ಬಿಚ್ಚಿದೆ. ಸೂಜಿಯ ತೂತು ಕಾಣದಂತೆ ಮೇಲೆ ಅಂಗೈಯಗಲದ ಕೆಂಪು ಬಟ್ಟೆ ಇಟ್ಟು ನಾಲ್ಕೂ ಕಡೆ ಹೊಲಿದೆ. ಒಳಜೇಬನ್ನು ಕಿತ್ತು ಸರಿಯಾಗಿ ತಿರುಗಿಸಿ ಹಾಕಿದೆ. ಹಾಡಿಯಲ್ಲಿದ್ದ ಚೀಲಕ್ಕೂ ಇದಕ್ಕೂ ಯಾವ ಹೋಲಿಕೆಯೂ ಇರಬಾರದು, ಅಷ್ಟೇ ನನ್ನ ಆಸೆ. ಶಕುನ ನಂಬದವಳು ಮಾಡುವ ಕೆಲಸವಲ್ಲ ಅದು, ಗೊತ್ತು. ನಂಬಿಕೆ ಬೇರೆ, ಕೈ ಬೇರೆ ಎಂದು ಅವತ್ತು ಅರ್ಥವಾಯಿತು. ಇನ್ನೂ ಒಂದು ಕೆಲಸ ಮಾಡಿದೆ. ಗುಂಡಿ ತೂರಿಸುವ ಕಾಜಾ ಕತ್ತರಿಸುವ ಸಣ್ಣ ಕತ್ತರಿಯನ್ನು ಸಾಣೆ ಹಿಡಿಸಿ, ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಆ ಪಟ್ಟಿ ತುಂಡಾಗಿದ್ದುದು ನನ್ನ ತಲೆಯಿಂದ ಹೋಗಿರಲಿಲ್ಲ. ಸವೆದು ಹರಿದದ್ದಲ್ಲ, ಯಾರೋ ಕತ್ತರಿಸಿದ್ದು ಎಂಬುದಷ್ಟೇ ಆಗ ನಾನು ಗಮನಿಸಿದ್ದು.

ಹೊರಟೆವು. ಮೊದಲ ಎರಡು ದಿನ ಎಷ್ಟು ಚೆನ್ನಾಗಿ ಕಳೆದವೆಂದರೆ, ನನ್ನ ಹೆದರಿಕೆಗೆ ನನಗೇ ನಾಚಿಕೆಯಾಯಿತು. ಪಿರಿಯಾಪಟ್ಟಣ ದಾಟುವಾಗ ಭಾಗ್ಯ ಹಾರ್ನ್ ಹೊಡೆದುಕೊಂಡೇ ಹೋದಳು, ಅವಳ ನಾದಿನಿಯ ಮನೆ ಅಲ್ಲೇ ಇತ್ತು. ಮಡಿಕೇರಿಯ ಆಚೆ ಒಂದು ತೋಟದಲ್ಲಿ ಡೇರೆ ಹಾಕಲು ಬಾರದೆ, ಗೂಟ ತಪ್ಪು ಕಡೆ ಹೊಡೆದು, ಕೊನೆಗೆ ಜೀಪಿನ ಬಾಗಿಲಿಗೇ ಹಗ್ಗ ಕಟ್ಟಿದೆವು. ಮೂಡಿಗೆರೆಯ ಕಡೆ ಒಂದು ಗುಡ್ಡ ಹತ್ತಿ ನಿಂತಾಗ ಮುಂದೆ ಬೆಟ್ಟದ ಹಿಂದೆ ಬೆಟ್ಟ, ಕಣ್ಣು ಹೋಗುವಷ್ಟು ದೂರ. ನಾಗವೇಣಿ ಒಂದು ಬಂಡೆಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನಮ್ಮಿಬ್ಬರ ಬಿಪಿ ನೋಡಿದಳು.

ಮೂರನೆಯ ದಿನ ಚಾರ್ಮಾಡಿಯ ಹತ್ತಿರ ನಾವು ಉಳಿದಿದ್ದ ತೋಟದಿಂದ ಒಂದು ಸಣ್ಣ ಬೆಟ್ಟಕ್ಕೆ ಹೋದೆವು. ದಾರಿ ತೋರಿಸಲು ತೋಟದವರೊಬ್ಬರು ಬಂದಿದ್ದರು. ಹಿಂದಿನ ಸಂಜೆ ಮೇಲೆಲ್ಲೋ ಗುಡುಗಿತ್ತು, ನಮ್ಮಲ್ಲಿ ಹನಿ ಬಿದ್ದಿರಲಿಲ್ಲ. ಬೆಳಿಗ್ಗೆ ಹೋಗುವಾಗ ದಾಟಿದ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಇಳಿದು ಬರುವಾಗ ಹನ್ನೊಂದೂವರೆ ಇರಬಹುದು, ಮೇಲಿನ ಬೆಟ್ಟದ ತಲೆ ಕಪ್ಪಾಗಿತ್ತು. ತೋಟದವರು ಮೊದಲು ದಾಟಿದರು, ಅವರ ಹಿಂದೆ ಭಾಗ್ಯ, ನಂತರ ನಾನು. ನಾಗವೇಣಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಕೊನೆಯಲ್ಲಿ ಬರುತ್ತಿದ್ದಳು.

"ನೀರು ಬಂತು! ಬೇಗ ಬನ್ನಿ, ನೀರು ಬಂತು!" ಎಂದು ತೋಟದವರು ಕೂಗಿದರು.

ನಾನು ತಿರುಗಿ ನೋಡುವಷ್ಟರಲ್ಲಿ ಕೆಂಪು ನೀರು ಅವಳ ಮಂಡಿಗೆ ಬಂದಿತ್ತು, ಉಸಿರು ಬಿಡುವಷ್ಟರಲ್ಲಿ ಸೊಂಟಕ್ಕೆ. ಅವಳು ಜಾರಿ ಬಿದ್ದಳು. ಭಾಗ್ಯ ಹಿಂದಕ್ಕೆ ಹಾರಿ ಅವಳ ಮುಂಗೈ ಹಿಡಿದಳು, ತೋಟದವರು ಭಾಗ್ಯಳ ಸೊಂಟ ಹಿಡಿದರು. ಆದರೆ ನಾಗವೇಣಿಯ ಚೀಲ ನೀರಿಗೆ ಸಿಕ್ಕಿತ್ತು. ತುಂಬಿ ಭಾರವಾದ ಚೀಲವನ್ನು ಹೊಳೆ ಒಂದು ಕಡೆ ಎಳೆಯುತ್ತಿತ್ತು, ಭಾಗ್ಯ ಒಂದು ಕಡೆ. ಅಡ್ಡ ಹಾಕಿದ್ದ ಪಟ್ಟಿ ಹೆಗಲಿನಿಂದ ಜಾರಿ ಕುತ್ತಿಗೆಗೆ ಬಿಗಿದಿತ್ತು. ಅವಳ ಮುಖ ನೀಲಿಯಾಗುತ್ತಿರುವುದು ನನಗೆ ಕಂಡಿತು.

ಪಟ್ಟಿಯನ್ನು ತಲೆಯ ಮೇಲಿಂದ ತೆಗೆಯಲು ನಾನು ಪ್ರಯತ್ನಿಸಲಿಲ್ಲ. ಬಕಲ್ ಬಿಚ್ಚಲೂ ನೋಡಲಿಲ್ಲ. ಒಂದು ಕೈಯಲ್ಲಿ ಬೇರು ಹಿಡಿದು, ನೀರಿಗೆ ಬಗ್ಗಿ, ಕೊರಳಿನ ಕತ್ತರಿ ಎಳೆದು ಪಟ್ಟಿಗೆ ಹಾಕಿದೆ. ಸಣ್ಣ ಕತ್ತರಿ, ದಪ್ಪ ಪಟ್ಟಿ. ಮೂರು ಸಲ ಕಚ್ಚಬೇಕಾಯಿತು. ಮೂರನೆಯ ಸಲಕ್ಕೆ ಪಟ್ಟಿ ಬಿಟ್ಟಿತು, ಚೀಲ ಕೆಂಪು ತೇಪೆಯ ಸಮೇತ ಒಂದೇ ಸಲ ಮುಳುಗಿ ಹೋಯಿತು, ನಾಗವೇಣಿ ನಮ್ಮ ಮೇಲೆ ಬಂದು ಬಿದ್ದಳು. ದಡದಲ್ಲಿ ಬಹಳ ಹೊತ್ತು ಕೆಮ್ಮಿದಳು. ಕುತ್ತಿಗೆಯ ಸುತ್ತ ಕೆಂಪಗೆ ಬರೆ ಎದ್ದಿತ್ತು. ಮಾತು ಬಂದ ಕೂಡಲೇ ಅವಳು ಕೇಳಿದ್ದು, "ನನ್ ಬಿಪಿ ಮಿಷಿನ್ ಓಯ್ತೇನೇ?" ಎಂದು. ಭಾಗ್ಯ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತಳು.

ಅವತ್ತೇ ಮಧ್ಯಾಹ್ನ ಊರಿಗೆ ಹೊರಟೆವು. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದರು. ಆ ಹಳ್ಳದ ಕೆಳಗೆ ತೋಟದವರು ಎರಡು ದಿನ ಹುಡುಕಿಸಿದರೂ ಚೀಲ ಸಿಗಲಿಲ್ಲವೆಂದು ಫೋನ್ ಮಾಡಿದರು. ಸಿಗುವುದಾದರೂ ಹೇಗೆ? ಅಲ್ಲಿನ ನೀರು ಘಟ್ಟ ಇಳಿದು ಪಡುವಣ ಸಮುದ್ರ ಸೇರುತ್ತದೆ. ಹಾಡಿಯ ಹಳ್ಳದ ನೀರು ಕಬಿನಿ ಸೇರಿ, ಕಾವೇರಿ ಸೇರಿ, ಮೂಡಣಕ್ಕೆ ಹೋಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲ.

ಆದರೂ ನನ್ನ ಮನಸ್ಸಿನಲ್ಲಿ ಒಂದು ಸಮಾಧಾನ ಹುಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಮುಂದೆ ಆಗಬೇಕಾದದ್ದನ್ನು ಯಾವುದೋ ರೀತಿಯಲ್ಲಿ ಮೊದಲೇ ನೋಡಿದ್ದೆವು, ಅದಕ್ಕೇ ನಾನು ಕತ್ತರಿ ಇಟ್ಟುಕೊಂಡಿದ್ದೆ, ಅದಕ್ಕೇ ಅವಳು ಬದುಕಿದಳು. ಹೇಗೆ ಎಂದು ಗೊತ್ತಾಗದಿದ್ದರೂ ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಕೈಮುಗಿದು ಸುಮ್ಮನಾಗುತ್ತಿದ್ದೆ. ಬಹುಶಃ ಇದನ್ನು ಬರೆಯುತ್ತಲೂ ಇರಲಿಲ್ಲ.

ಭಾಗ್ಯಳ ಸಸಿ ನಾಟಿ ಮುಗಿದು, ಮಳೆ ಹಿಡಿದ ಮೇಲೆ, ಬೊಮ್ಮಮ್ಮನಿಗೆ ಒಂದು ಸೀರೆ ಕೊಟ್ಟು ಬರೋಣವೆಂದು ನಾಗವೇಣಿ ಹೇಳಿದಳು. ಮತ್ತೆ ಮೂವರೂ ಹಾಡಿಗೆ ಹೋದೆವು. ಈ ಸಲ ದಾರಿ ಕೆಸರು, ಮೋಡ, ಅದೇ ಮಧ್ಯಾಹ್ನದ ಹೊತ್ತು. ನಾಗವೇಣಿ ಅಂಗಳದಲ್ಲಿ ಬೊಮ್ಮಮ್ಮನ ಮೊಮ್ಮಗಳ ಜೊತೆ ಆಟಕ್ಕೆ ಕೂತಳು. ಆ ಮಗು ಹುಟ್ಟುವಾಗ ಮೊದಲು ಎತ್ತಿಕೊಂಡವಳು ಅವಳೇ. ಭಾಗ್ಯ ಬೊಮ್ಮಮ್ಮನ ಜೊತೆ ಒಲೆಯ ಹತ್ತಿರ ಹೋದಳು. ಹಳೆಯ ಚೀಲ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ನಾನು ಅದನ್ನು ತೆಗೆದುಕೊಂಡು ಬೆಳಕಿಗೆ, ಜಗುಲಿಗೆ ಬಂದೆ.

ನಾನು ಏನನ್ನು ನೋಡಲು ಹೋಗಿದ್ದೆನೋ ಅದು ಇರಲಿಲ್ಲ. ಕೆಂಪು ತೇಪೆ ಇರಲಿಲ್ಲ, ಅದನ್ನು ಹೊಲಿದಿದ್ದ ಸೂಜಿಯ ಗುರುತೂ ಇರಲಿಲ್ಲ. 'ನಾ' ಅಕ್ಷರ ಹಾಗೇ ಇತ್ತು, ಒಂದು ಎಳೆಯೂ ಬಿಚ್ಚಿರಲಿಲ್ಲ. ಒಳಜೇಬು ತಲೆಕೆಳಗಾಗಿಯೇ ಇತ್ತು. ಅಂದರೆ ಚಾರ್ಮಾಡಿಯ ಹಳ್ಳದಲ್ಲಿ ಹೋದ ಚೀಲ ಇದಲ್ಲ. ನಾನು ಏನನ್ನೂ ಬದಲಾಯಿಸದೆ, ಹೊಲಿದದ್ದನ್ನು ಹೊಲಿದ ಹಾಗೇ ಕೊಟ್ಟಿದ್ದರೆ ಹೇಗಿರುತ್ತಿತ್ತೋ ಹಾಗೆ ಇತ್ತು ಇದು.

ಆಮೇಲೆ ಪಟ್ಟಿ ನೋಡಿದೆ. ಇಪ್ಪತ್ತೈದು ವರ್ಷ ಬಟ್ಟೆ ಕತ್ತರಿಸಿದವಳು ನಾನು. ಕತ್ತರಿ ಹಾಕಿದ ಅಂಚು ಯಾವುದು, ಬೇರೆ ಆಯುಧದ್ದು ಯಾವುದು ಎಂದು ಬೆರಳಿಗೇ ಗೊತ್ತಾಗುತ್ತದೆ. ಅದು ಕತ್ತರಿಯ ಕೆಲಸವಲ್ಲ. ಕತ್ತಿಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ಎಳೆತಕ್ಕೆ ಕೊಯ್ದದ್ದು.

ಕಾಳಣ್ಣ ಬಂದು ಪಕ್ಕದಲ್ಲಿ ನಿಂತದ್ದು ನನಗೆ ಗೊತ್ತೇ ಆಗಿರಲಿಲ್ಲ. ಅವರು ನನ್ನ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದರು.

"ಕಾಳಣ್ಣ, ಈ ಪಟ್ಟಿ ಯಾರು ಕೊಯ್ದದ್ದು?" ಎಂದು ಕೇಳಿದೆ.

"ನಾನೇ ಕುಯ್ದೆ."

"ಯಾಕೆ?"

ಅವರು ಮುಖವನ್ನು ಅಂಗಳದ ಕಡೆ ತಿರುಗಿಸಿದರು. ದಡದಲ್ಲಿ ಸುಮ್ಮನೆ ಬಿದ್ದಿದ್ದ ಚೀಲದ ಪಟ್ಟಿಯನ್ನು ಯಾರೂ ಕೊಯ್ಯುವುದಿಲ್ಲ, ಎತ್ತಿಕೊಂಡು ಬರುತ್ತಾರೆ. ಯಾವುದಕ್ಕಾದರೂ ಸುತ್ತಿಕೊಂಡು ಬಿಗಿದಿದ್ದರೆ ಮಾತ್ರ ಕೊಯ್ಯಬೇಕಾಗುತ್ತದೆ. ಯಾವುದಕ್ಕೆ ಸುತ್ತಿಕೊಂಡಿತ್ತು ಎಂದು ಕೇಳಬೇಕೆಂದಿದ್ದೆ. ಒಂದು ಮರದ ಬೇರಿಗೆ ಎಂದು ಅವರು ಹೇಳಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಕಾಳಣ್ಣ ನನ್ನನ್ನು ನೋಡುತ್ತಿರಲಿಲ್ಲ. ಅಂಗಳದಲ್ಲಿ ಮಗುವಿನ ಜಡೆ ಹೆಣೆಯುತ್ತಾ ನಗುತ್ತಿದ್ದ ನಾಗವೇಣಿಯನ್ನು ನೋಡುತ್ತಿದ್ದರು.

"ಬುಡವ್ವಾ, ಸಿಸ್ಟ್ರು ಚೆನ್ನಾಗವ್ರಲ್ಲ, ಅಷ್ಟು ಸಾಕು" ಎಂದರು. ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದರು.

ನಾನು ಇದನ್ನು ನಾಗವೇಣಿಗೆ ಹೇಳಿಲ್ಲ, ಭಾಗ್ಯಳಿಗೂ ಹೇಳಿಲ್ಲ. ಈಗಲೂ ವರ್ಷಕ್ಕೊಮ್ಮೆ ಮೂವರೂ ಹಾಡಿಗೆ ಹೋಗುತ್ತೇವೆ. ಕಾಳಣ್ಣ ಜಗುಲಿಯ ಮೇಲೆ ಕೂತಿರುತ್ತಾರೆ. ಪ್ರತಿ ಸಲವೂ ಅವರ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದೇನೆ. ಜೇನಿಗೆ ಹೋದ ದಿನ ಹಳ್ಳದ ಹತ್ತಿರ ನೀವು ನೋಡಿದ್ದು ಏನು ಎಂದು ಒಂದು ಮಾತು ಕೇಳಿದರೆ, ಈಗ ಅವರು ಹೇಳಿಯೇ ಬಿಡುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ನಾನು ಕೇಳುವುದಿಲ್ಲ.